ಪಾಳುಗಣಿಯಲ್ಲಿ ರಕ್ಷಣಾಕಾರ್ಯ

2020ನೆಯ ಇಸವಿಯ ಮೇ ತಿಂಗಳಿನಲ್ಲಿ, ಕೋಲಾರದ ಚಿನ್ನದ ಗಣಿ ಪ್ರದೇಶದ ಮಾರಿಕುಪ್ಪಂನಲ್ಲಿ, ಪಾಳುಬಿದ್ದ ಗಣಿಯೊಂದರೊಳಕ್ಕೆ ಕೆಲವರು ರಾತ್ರಿಯ ವೇಳೆ ಇಳಿದರು. ಕಳವಿನ ಉದ್ದೇಶದಿಂದ ಇಳಿದವರು ಅವರು. ಅವರ ಪೈಕಿ ಮೂವರು ಉಸಿರುಗಟ್ಟಿ ಒಳಗೇ ಪ್ರಾಣಬಿಟ್ಟರು. ನಾನು ಆಗ ಹೈಸ್ಕೂಲಿನಲ್ಲಿದ್ದೆ. ನಮ್ಮ ಹಳ್ಳಿ ಅಲ್ಲಿಗೆ ಬಹಳ ದೂರವೇನಲ್ಲವಾದುದರಿಂದ ಸುದ್ದಿ ಬೆಳಗಾಗುವುದರೊಳಗೆ ನಮ್ಮ ಅರಳಿಕಟ್ಟೆಗೆ ಬಂದು ಮುಟ್ಟಿತು. ಸತ್ತವರ ಬಗ್ಗೆ ಒಂದು ಮಾತಾದರೆ, ಮೇಲೆ ನಿಂತಿದ್ದವರ ಬಗ್ಗೆ ಹತ್ತು ಮಾತಾಯಿತು. "ಗಣಿಯ ಬಾಯಲ್ಲಿ ನಿಂತು ನೋಡುವುದಕ್ಕೆ ಇಷ್ಟು ಜನ ಬೇಕೇ? ಒಂದು ಗಟ್ಟಿ ಹಗ್ಗ ಕೊಟ್ಟರೆ ನಮ್ಮ ಹುಡುಗರೇ ಇಳಿದು ತಂದಾರು" ಎಂದರು ಒಬ್ಬರು. ನನಗೂ ಅದು ಸರಿಯೆಂದೇ ತೋರಿತು. ಮನೆಗೆ ಬಂದು ತಾತನ ಮುಂದೆ ಅದನ್ನೇ ಹೇಳಿದೆ.

ನಮ್ಮ ತಾತ ಗಣಿಯಲ್ಲಿ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಳಿಯೋ ಹುಡುಗರು ಇದ್ದಾರೆ, ಸರಿ. ಅವರನ್ನ ಎತ್ತೋರು ಯಾರಪ್ಪಾ?" ಎಂದು ಕೇಳಿದರು. ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅವರಿಂದ ಕೇಳಿದುದನ್ನೂ, ಅಲ್ಲಿ ಇಲ್ಲಿ ಓದಿದುದನ್ನೂ ಕೂಡಿಸಿ, ಪಾಳುಗಣಿಯಲ್ಲಿ ಸಿಕ್ಕಿಬಿದ್ದವರನ್ನು ಅಥವಾ ಸತ್ತವರನ್ನು ಮೇಲಕ್ಕೆ ತರುವ ಕೆಲಸ ಏಕೆ ಅಷ್ಟು ಕಷ್ಟವೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ. ನಾನು ಕಲಾವಿಭಾಗದ ವಿದ್ಯಾರ್ಥಿ; ವಿಜ್ಞಾನದ ವಿಷಯದಲ್ಲಿ ಭಾಷೆ ಒರಟಾಗಿದ್ದರೆ ಅಧ್ಯಾಪಕರು ಕ್ಷಮಿಸಬೇಕು.

ಮೊದಲು ಒಂದು ತಪ್ಪುತಿಳಿವಳಿಕೆಯನ್ನು ಕಳೆದುಕೊಳ್ಳಬೇಕು. ಗಣಿಯೆಂದರೆ ನೆಲದಲ್ಲಿ ತೋಡಿದ ಒಂದು ದೊಡ್ಡ ಹಳ್ಳವೆಂದು ನಾವು ಭಾವಿಸುತ್ತೇವೆ. ಹಳ್ಳವನ್ನು ತೋಡಿ ಬಿಟ್ಟರೆ ಅದು ಹಾಗೆಯೇ ಇರುತ್ತದೆ. ಗಣಿ ಹಾಗಲ್ಲ. ಕೋಲಾರದ ಗಣಿಗಳನ್ನೇ ತೆಗೆದುಕೊಳ್ಳಿ. 1880ರಿಂದ ಜಾನ್ ಟೇಲರ್ ಕಂಪನಿಯವರು ನಡೆಸಿದ, 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೂ 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ ಎಂಬುದು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಆ ಆಳದಲ್ಲಿ ಬಂಡೆಯ ಸಹಜವಾದ ಶಾಖವೇ 65 ಡಿಗ್ರಿಗೂ ಮೇಲೆ. ಅಲ್ಲಿ ಮನುಷ್ಯ ನಿಂತು ಕೆಲಸಮಾಡಬೇಕಾದರೆ ಮೇಲಿನಿಂದ ತಂಪುಗಾಳಿಯನ್ನು ನೂಕುತ್ತಲೇ ಇರಬೇಕು. ಬಂಡೆಯಿಂದ ಜಿನುಗುವ ನೀರನ್ನು ಹಗಲಿರುಳೂ ಎತ್ತಿ ಹೊರಕ್ಕೆ ಹಾಕುತ್ತಿರಬೇಕು. ಮೇಲಿನ ಭಾರಕ್ಕೆ ಬಂಡೆ ಸಿಡಿಯದಂತೆ, ಕುಸಿಯದಂತೆ ಮರದ ಕಂಬಗಳನ್ನೂ ಕಲ್ಲಿನ ಗೋಡೆಗಳನ್ನೂ ಕೊಡುತ್ತಿರಬೇಕು. ಜನರನ್ನು ಇಳಿಸಿ ಹತ್ತಿಸುವ ಕೇಜು, ಅದರ ಉಕ್ಕಿನ ಹಗ್ಗ, ಹಗ್ಗವನ್ನು ಸುತ್ತುವ ಯಂತ್ರ ಇವುಗಳ ಪರೀಕ್ಷೆ ನಿತ್ಯವೂ ನಡೆಯುತ್ತಿರಬೇಕು. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ವಿದ್ಯುತ್ತನ್ನು ತಂತಿಯ ಮೇಲೆ ತಂದುದು ಈ ಕೆಲಸಗಳಿಗಾಗಿಯೇ. ಗಾಳಿ, ನೀರು, ಆಸರೆ, ಹಗ್ಗ ಈ ನಾಲ್ಕನ್ನೂ ಸಾವಿರಾರು ಜನ ಒಂದು ಗಳಿಗೆಯೂ ಬಿಡದೆ ನೋಡಿಕೊಂಡರೆ ಮಾತ್ರ ಗಣಿ ಗಣಿಯಾಗಿರುತ್ತದೆ.

2001ರ ಫೆಬ್ರವರಿ 28ರಂದು ಆ ಕೆಲಸ ನಿಂತಿತು. ಫ್ಯಾನು ನಿಂತಿತು, ಪಂಪು ನಿಂತಿತು. ನೀರು ಒಂದೊಂದೇ ಮಜಲನ್ನು ನುಂಗುತ್ತ ಮೇಲಕ್ಕೆ ಬಂದಿತು. ಈಗ ಅದರೊಳಕ್ಕೆ ಇಳಿಯತಕ್ಕ ರಕ್ಷಣಾದಳದವನು ಆ ನಾಲ್ಕನ್ನೂ ತನ್ನ ಬೆನ್ನಿನ ಮೇಲೆ ಹೊತ್ತುಕೊಂಡೇ ಇಳಿಯಬೇಕು. ಕಷ್ಟದ ಮೂಲ ಇಲ್ಲಿದೆ.

ಗಾಳಿಯ ಮಾತನ್ನು ಮೊದಲು ಹೇಳುತ್ತೇನೆ. ಜನರನ್ನು ಹೆಚ್ಚಾಗಿ ಮೋಸಗೊಳಿಸುವುದು ಅದೇ. ನಮ್ಮ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ತೆರೆದಿಟ್ಟು, ಒಂದು ದೀಪವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು ವಾಡಿಕೆ. ಧಾನ್ಯವೂ ಉಸಿರಾಡುತ್ತದೆ, ಒಳಗಿನ ಆಮ್ಲಜನಕವನ್ನು ತೀರಿಸಿ ಇಂಗಾಲಾಮ್ಲ ವಾಯುವನ್ನು ತುಂಬಿಡುತ್ತದೆ. ಆ ವಾಯು ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ. ಅಕ್ಷರ ಬಾರದ ರೈತನಿಗೆ ಇದು ತಿಳಿದಿತ್ತು. ಪಾಳುಗಣಿಯೂ ಒಂದು ಮಹಾ ಹಗೇವು. ಅಲ್ಲಿ ಕೊಳೆಯುತ್ತಿರುವ ಮರ, ತುಕ್ಕು ಹಿಡಿಯುತ್ತಿರುವ ಕಬ್ಬಿಣ, ಅದಿರಿನೊಳಗಿನ ಗಂಧಕದ ಖನಿಜಗಳು ಎಲ್ಲವೂ ಸದ್ದಿಲ್ಲದೆ ಆಮ್ಲಜನಕವನ್ನು ತಿನ್ನುತ್ತಿರುತ್ತವೆ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 20.9 ಭಾಗ ಆಮ್ಲಜನಕ. ಅದು 16–17ಕ್ಕೆ ಇಳಿದರೆ ದೀಪ ಆರುತ್ತದೆ. ಮನುಷ್ಯ ಇನ್ನೂ ನಡೆದಾಡುತ್ತಿರುತ್ತಾನೆ, ಆದರೆ ಬುದ್ಧಿ ಮಂಕಾಗತೊಡಗುತ್ತದೆ. 10ಕ್ಕೆ ಇಳಿದರೆ ಎಚ್ಚರ ತಪ್ಪುತ್ತದೆ. 6ರ ಸುಮಾರಿಗೆ ಇಳಿದರೆ ಕೆಲವೇ ಉಸಿರು. ನಮಗೆ ಉಸಿರುಕಟ್ಟಿದಂತೆ ಆಗುವುದು ಇಂಗಾಲಾಮ್ಲ ಹೆಚ್ಚಿದಾಗ. ಆಮ್ಲಜನಕವೊಂದೇ ಕಡಮೆಯಾದರೆ ಆ ಎಚ್ಚರಿಕೆಯೂ ಇಲ್ಲ. ಏಣಿಯ ಹತ್ತನೆಯ ಮೆಟ್ಟಿಲಿನಲ್ಲಿ ಚೆನ್ನಾಗಿದ್ದವನು ಇಪ್ಪತ್ತನೆಯದರಲ್ಲಿ ಕೈಬಿಡುತ್ತಾನೆ. ಮೇಲೆ ನಿಂತವರು ಅವನು ಕಾಲುಜಾರಿದನೆಂದು ತಿಳಿಯುತ್ತಾರೆ. ಅವನನ್ನು ಹಿಡಿಯಲು ಎರಡನೆಯವನು ಇಳಿಯುತ್ತಾನೆ, ಅವನನ್ನು ಹಿಡಿಯಲು ಮೂರನೆಯವನು. ಇಂಥ ಮುಚ್ಚಿದ ಸ್ಥಳಗಳಲ್ಲಿ ಸತ್ತವರ ಪೈಕಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯೊಂದು 1986ರಲ್ಲಿ ಪ್ರಕಟಿಸಿತು. ಅಣ್ಣನ ಹಿಂದೆ ತಮ್ಮ, ತಂದೆಯ ಹಿಂದೆ ಮಗ ಮಲದ ಗುಂಡಿಗೆ ಇಳಿದು ಸತ್ತ ಸುದ್ದಿಗಳನ್ನು ಓದುತ್ತಲೇ ಇರುವ ನಮಗೆ ಆ ಲೆಕ್ಕ ಆಶ್ಚರ್ಯವೆನಿಸದು.

ಹಾಗಾದರೆ ದೀಪ ಇಳಿಬಿಟ್ಟು ನೋಡಿದರಾಯಿತಲ್ಲ ಎನ್ನಬಹುದು. ಅದೂ ಸಾಲದು. ಕಲ್ಲಿದ್ದಲ ಗಣಿಯಾದರೆ ಮೀಥೇನ್ ಅನಿಲ ತೆರೆದ ದೀಪಕ್ಕೆ ಸಿಡಿಯುತ್ತದೆ. ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯುವಿದ್ದಲ್ಲಿ ದೀಪ ನಿಶ್ಚಿಂತೆಯಾಗಿ ಉರಿಯುತ್ತದೆ, ಮನುಷ್ಯ ಬೀಳುತ್ತಾನೆ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಕೆನರಿ ಹಕ್ಕಿಯನ್ನು ಒಯ್ಯಬೇಕೆಂದು ಸೂಚಿಸಿದುದು ಈ ಕಾರಣದಿಂದ. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಆ ಬಡಪಾಯಿ ಹಕ್ಕಿಗಳು ಕೆಲಸದಲ್ಲಿದ್ದವು. ಹೈಡ್ರೊಜನ್ ಸಲ್ಫೈಡ್ ಎಂಬುದು ಇನ್ನೂ ವಿಚಿತ್ರ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುವುದರಿಂದ ವಾಸನೆ ಹೋಯಿತೆಂದು ನಾವು ಸಮಾಧಾನಪಡುತ್ತೇವೆ. ಅದು ನಿಂತ ನೀರಿನಲ್ಲಿ ಕರಗಿರುತ್ತದೆ, ಯಾರಾದರೂ ಕಾಲಿಟ್ಟು ಕಲಕಿದಾಗ ಮೇಲಕ್ಕೇಳುತ್ತದೆ. ಇಷ್ಟೂ ಸಾಲದೆಂಬಂತೆ ಪಾಳುಗಣಿ ಹವೆಯೊಡನೆ ಉಸಿರಾಡುತ್ತದೆ. ಹೊರಗೆ ವಾಯುಭಾರ ಏರಿದ ದಿನ ಗಾಳಿ ಒಳಕ್ಕೆ ಹೋಗುತ್ತದೆ. ಮಳೆ ಮೋಡ ಕವಿದು ವಾಯುಭಾರ ಇಳಿದ ದಿನ ಒಳಗಿನ ಕೆಟ್ಟ ಗಾಳಿ ಬಾಯಿಯವರೆಗೆ ಬರುತ್ತದೆ. ನಿನ್ನೆ ಒಬ್ಬ ಇಳಿದು ಸುಖವಾಗಿ ಬಂದನೆಂಬುದು ಇವತ್ತಿಗೆ ಸಾಕ್ಷಿಯಲ್ಲ.

ರಕ್ಷಣಾದಳದವರು ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಯಂತ್ರವಿದೆ. ಬಿಟ್ಟ ಉಸಿರಿನಲ್ಲಿನ ಇಂಗಾಲಾಮ್ಲವನ್ನು ಒಂದು ರಾಸಾಯನಿಕ ಹೀರಿಕೊಳ್ಳುತ್ತದೆ, ಕಳೆದುಹೋದಷ್ಟು ಆಮ್ಲಜನಕ ಸಣ್ಣ ಸಿಲಿಂಡರಿನಿಂದ ಸೇರುತ್ತದೆ, ಅದೇ ಉಸಿರು ಮತ್ತೆ ಬರುತ್ತದೆ. ಈಗಿನವು ಸುಮಾರು 15 ಕಿಲೋ ತೂಕ, 4 ಗಂಟೆಯ ಅವಧಿ. ಕೇಳಲು ಧಾರಾಳವೆನಿಸುತ್ತದೆ. ಆದರೆ ಇಳಿಯುವುದಕ್ಕಿಂತ ಹತ್ತುವುದಕ್ಕೆ, ಅದರಲ್ಲಿಯೂ ಒಬ್ಬನನ್ನು ಹೊತ್ತು ಹತ್ತುವುದಕ್ಕೆ, ಉಸಿರು ಎಷ್ಟೋ ಪಾಲು ಹೆಚ್ಚು ಬೇಕು. ಆದುದರಿಂದ ಇದ್ದುದರಲ್ಲಿ ಮೂರನೆಯ ಒಂದು ಪಾಲು ತೀರಿದ ಕೂಡಲೇ, ಗುರಿ ಕೈಗೆಟುಕುವಷ್ಟು ಹತ್ತಿರದಲ್ಲಿದ್ದರೂ ಹಿಂದಿರುಗತಕ್ಕದ್ದು. ಅಲ್ಲದೆ ಆ ರಾಸಾಯನಿಕ ಕೆಲಸಮಾಡುವಾಗ ಬಿಸಿಯಾಗುತ್ತದೆ. ಸೆಕೆಯ ಗಣಿಯಲ್ಲಿ ಬಿಸಿ ಉಸಿರನ್ನೇ ಮತ್ತೆ ಮತ್ತೆ ಎಳೆಯಬೇಕು. ಗಣಿಯ ರಕ್ಷಣೆಯಲ್ಲಿ ಐವರ ತಂಡ, ಹೊರಗೆ ಸಿದ್ಧವಾಗಿ ಕುಳಿತ ಇನ್ನೊಂದು ತಂಡ ಎಂಬುದು ರೂಢಿಯಾದ ಕ್ರಮ. ಸುರಂಗದಲ್ಲಿ ಐವರು ಒಬ್ಬರನ್ನೊಬ್ಬರು ನೋಡಿಕೊಂಡು ನಡೆಯಬಹುದು. ಒಂದೇ ಹಗ್ಗದಲ್ಲಿ ನೇತಾಡುವ ಶಾಫ್ಟಿನಲ್ಲಿ ಐವರಿಗೆ ಎಡೆಯೆಲ್ಲಿ?

ಗಾಳಿ ಚೆನ್ನಾಗಿದ್ದರೂ ಕೆಲಸ ಸುಲಭವಲ್ಲವೆಂಬುದಕ್ಕೆ ಅಮೆರಿಕದ ನೆವಾಡಾ ಪ್ರಾಂತದಲ್ಲಿ 2011ರ ಮಾರ್ಚಿಯಲ್ಲಿ ನಡೆದ ಘಟನೆ ಸಾಕ್ಷಿ. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಜರ್ಸಿ ವ್ಯಾಲಿ ಎಂಬಲ್ಲಿನ ಪಾಳುಬಿದ್ದ ಗಣಿಯೊಂದರ ಶಾಫ್ಟಿಗೆ ಯುವಕನೊಬ್ಬ ಬಿದ್ದ. ಆಳ 190 ಅಡಿ. ರಕ್ಷಣಾದಳ ಬಂದಿತು, ಹಗ್ಗ ಕಟ್ಟಿ ಇಳಿಯಿತು. ಆದರೆ ಶಾಫ್ಟಿನ ಗೋಡೆ ಪೂರ್ತಿ ಸಡಿಲವಾಗಿತ್ತು. ಹಗ್ಗ ಅಲುಗಿದರೆ ಕಲ್ಲು, ಕಾಲು ತಗುಲಿದರೆ ಕಲ್ಲು. ಇಳಿಯುತ್ತಿದ್ದ ಒಬ್ಬನ ತಲೆಯ ಮೇಲೆ ಬಿದ್ದ ಕಲ್ಲು ಅವನ ಶಿರಸ್ತ್ರಾಣವನ್ನು ಸೀಳಿಬಿಟ್ಟಿತು. ಹೈಸ್ಕೂಲಿನಲ್ಲಿ ಕಲಿತ ಸೂತ್ರವನ್ನು ಹಿಡಿದು ನಾನು ಲೆಕ್ಕ ಹಾಕಿ ನೋಡಿದೆ: 190 ಅಡಿ ಎಂದರೆ 58 ಮೀಟರು, ಅಷ್ಟು ಎತ್ತರದಿಂದ ಬಿಟ್ಟ ಕಲ್ಲು ಮೂರೂವರೆ ಸೆಕೆಂಡಿನೊಳಗೆ ತಳ ಸೇರುತ್ತದೆ, ಸೇರುವಾಗ ಅದರ ವೇಗ ಗಂಟೆಗೆ 120 ಕಿಲೋಮೀಟರು. ಮೇಲಿನವರು "ಕಲ್ಲು!" ಎಂದು ಕೂಗಿದ ಸದ್ದು ಕಿವಿಗೆ ಬಿದ್ದು ತಲೆಯೆತ್ತುವಷ್ಟರಲ್ಲಿ ಆಗಬೇಕಾದುದು ಆಗಿಹೋಗಿರುತ್ತದೆ. ಸರಿಯಲು ಜಾಗವೂ ಇಲ್ಲ.

ಅವರು ಒಂದು ಕ್ಯಾಮರಾವನ್ನು ಇಳಿಬಿಟ್ಟರು. ಯುವಕ ಇನ್ನೂ ಉಸಿರಾಡುತ್ತಿದ್ದುದು ಅದರಲ್ಲಿ ಕಾಣಿಸಿತು. ಆದರೂ ಮತ್ತೆ ಇಳಿಯಬಾರದೆಂದು ಅಧಿಕಾರಿಗಳು ನಿರ್ಧರಿಸಿದರು. ಅವನು ಬಿದ್ದ ಮೂರನೆಯ ದಿನ ಅವನ ಮರಣವನ್ನು ಘೋಷಿಸಲಾಯಿತು. ದೇಹವನ್ನೂ ಮೇಲಕ್ಕೆ ತರಲಿಲ್ಲ. ಶಾಫ್ಟನ್ನೇ ಅವನ ಸಮಾಧಿಯಾಗಿ ಮುಚ್ಚುವುದೆಂದಾಯಿತು.

ಇದನ್ನು ತಾತನಿಗೆ ಓದಿ ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, ಶಾಫ್ಟಿನ ಬಾಯಿಯೇ ಎಲ್ಲಕ್ಕಿಂತ ಕೆಟ್ಟ ಜಾಗವೆಂದು ವಿವರಿಸಿದರು. ಆಳದಲ್ಲಿ ಗಟ್ಟಿ ಬಂಡೆಯಿರುತ್ತದೆ. ಮೇಲಿನ ಕೆಲವು ಮಾರುಗಳಲ್ಲಿ ಬರಿಯ ಮಣ್ಣು, ಬಿರುಕುಗಲ್ಲು. ಅದನ್ನು ತಡೆದಿರುವುದು ಮರದ ಚೌಕಟ್ಟು. ಮಳೆ ಬಿಸಿಲಿಗೆ ಸಿಕ್ಕಿ ಮರ ಮೊದಲು ಸಾಯುವುದೂ ಅಲ್ಲಿಯೇ. ಎಂಜಿನು, ಕ್ರೇನು, ಜನಜಂಗುಳಿ ಎಲ್ಲ ಬಂದು ನಿಲ್ಲುವುದೂ ಅಲ್ಲಿಯೇ. "ನೋಡೋಕೆ ಬಂದವರೇ ಒಳಗಿರೋನ ಮೇಲೆ ಮಣ್ಣು ಹಾಕ್ತಾರೆ ಕಣಪ್ಪಾ" ಎಂದರು. ಕೆಲವು ಶಾಫ್ಟುಗಳಲ್ಲಿ ನಡುವೆ ಹಲಗೆ ಹೊದಿಸಿ, ಅದರ ಮೇಲೆ ಕಸ ಮಣ್ಣು ಕೂತು, ನೋಡಿದವರಿಗೆ ಅದೇ ತಳವೆಂಬಂತೆ ತೋರುವುದುಂಟಂತೆ. ಅದರ ಮೇಲೆ ಕಾಲಿಟ್ಟವನಿಗೆ ನಿಜವಾದ ತಳ ಎಲ್ಲಿದೆಯೆಂದು ತಿಳಿಯುವುದು ತಡವಾಗಿ.

ನೀರಿನ ಕಥೆಯನ್ನು ತಿಳಿಯಲು ಮೇಘಾಲಯಕ್ಕೆ ಹೋಗಬೇಕು. ಅಲ್ಲಿನ ಜೈಂತಿಯಾ ಬೆಟ್ಟಗಳ ಕ್ಸಾನ್ ಎಂಬಲ್ಲಿ 2018ರ ಡಿಸೆಂಬರ್ 13ರಂದು 370 ಅಡಿ ಆಳದ ಕಲ್ಲಿದ್ದಲ ಗುಂಡಿಯೊಂದಕ್ಕೆ ನೀರು ನುಗ್ಗಿ 15 ಮಂದಿ ಸಿಕ್ಕಿಬಿದ್ದರು. ಅದು ಪಾಳುಗಣಿಯಲ್ಲ, 2014ರಲ್ಲೇ ಹಸಿರು ನ್ಯಾಯಮಂಡಳಿ ನಿಷೇಧಿಸಿದ್ದ ಬಗೆಯ ಕಳ್ಳಗಣಿ. ಆದರೆ ಅದರ ಸುತ್ತಲೂ ಪಾಳುಬಿದ್ದ ಗುಂಡಿಗಳಿದ್ದವು, ಹತ್ತಿರದಲ್ಲಿಯೇ ಲಿಟೈನ್ ನದಿ ಹರಿಯುತ್ತಿತ್ತು. ಪಂಪುಗಳನ್ನು ತಂದು ನೀರೆತ್ತಿದರು, ಮಟ್ಟ ಇಳಿಯಲೊಲ್ಲದು. ಒಂದು ಗುಂಡಿಯ ನೀರನ್ನು ಎತ್ತಿದರೆ ನೆರೆಯ ಗುಂಡಿಗಳಿಂದ ಅಷ್ಟೇ ನೀರು ಬರುತ್ತಿತ್ತು. ಒಳಗಿನ ಇಲಿಬಿಲಗಳಂಥ ದಾರಿಗಳಿಗೆ ನಕ್ಷೆಯೆಂಬುದೇ ಇರಲಿಲ್ಲ. ನೌಕಾಪಡೆಯ ಮುಳುಗಾಳುಗಳಿಗೆ ಆ ಕಪ್ಪು ನೀರಿನಲ್ಲಿ ತಮ್ಮ ಕೈ ತಮಗೆ ಕಾಣದು. ಇಳಿಯಬಹುದಾದ ಆಳಕ್ಕೂ ಮಿತಿಯುಂಟು, ಏಕೆಂದರೆ ನೀರಿನ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಬೇಗನೆ ಮೇಲೆ ಬಂದರೆ ಸೋಡಾ ಬಾಟಲಿಯಲ್ಲಿ ಗುಳ್ಳೆಯೇಳುವಂತೆ ಏಳುತ್ತದೆ. ಕೊನೆಗೆ ನೀರಿನೊಳಗೆ ನಡೆಸುವ ಯಂತ್ರವೊಂದು ಒಂದು ತಿಂಗಳ ಮೇಲೆ, ಜನವರಿಯ ಮಧ್ಯದಲ್ಲಿ, ಮೊದಲ ದೇಹವನ್ನು ಕಂಡಿತು. ಅದನ್ನು ಎಳೆಯಹೋದರೆ ದೇಹ ಬಿಡಿಯಾಗತೊಡಗಿದ್ದರಿಂದ ಎಳೆಯುವುದನ್ನು ನಿಲ್ಲಿಸಬೇಕಾಯಿತು. ಒಟ್ಟು ಎರಡು ದೇಹಗಳು ಮಾತ್ರ ಮೇಲೆ ಬಂದವು. 2019ರ ಮಾರ್ಚಿಯ ಆರಂಭದಲ್ಲಿ ಶೋಧವನ್ನು ಕೈಬಿಟ್ಟರು. ಉಳಿದವರು ಅಲ್ಲಿಯೇ ಇದ್ದಾರೆ.

ಇದಕ್ಕೆ ಪ್ರತಿಯಾಗಿ 1989ರ ನವೆಂಬರಿನಲ್ಲಿ ಬಂಗಾಳದ ರಾಣಿಗಂಜಿನ ಮಹಾಬೀರ್ ಗಣಿಯಲ್ಲಿ ನೀರು ನುಗ್ಗಿದಾಗ, ಎಂಜಿನಿಯರ್ ಜಸವಂತ್ ಸಿಂಗ್ ಗಿಲ್ ಅವರು ನೆಲಕ್ಕೆ ರಂಧ್ರ ಕೊರೆಸಿ, ಒಬ್ಬನು ನಿಲ್ಲುವಷ್ಟು ಉಕ್ಕಿನ ಗೂಡನ್ನು ಇಳಿಬಿಟ್ಟು, ತಾವೇ ಮೊದಲು ಇಳಿದು 65 ಮಂದಿಯನ್ನು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಕಳುಹಿಸಿದರು. ಅದೊಂದು ಅದ್ಭುತ ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ನಡೆಯುತ್ತಿದ್ದ ಗಣಿ. ಜನ ಎಲ್ಲಿದ್ದಾರೆಂದು ತಿಳಿಯಲು ನಕ್ಷೆಯಿತ್ತು, ಸಿಬ್ಬಂದಿಯಿತ್ತು. ಆ ಧೈರ್ಯಕ್ಕೆ ಕಾಲೂರಲು ನೆಲವಿತ್ತು.

ನನ್ನ ವಾದಕ್ಕೆ ಅಡ್ಡಬರುವ ಒಂದು ಸಂಗತಿಯನ್ನೂ ಮುಚ್ಚಿಡಬಾರದು. ದಕ್ಷಿಣ ಆಫ್ರಿಕದ ಸ್ಟಿಲ್ಫಾಂಟೇನಿನಲ್ಲಿ, ಕೋಲಾರದಂತೆಯೇ ಕೆಲಸ ನಿಂತುಹೋದ ಆಳವಾದ ಚಿನ್ನದ ಗಣಿಯೊಂದರಲ್ಲಿ, ಅಕ್ರಮವಾಗಿ ಇಳಿದ ನೂರಾರು ಮಂದಿ ತಿಂಗಳುಗಟ್ಟಲೆ ಹಸಿದು ಸಿಕ್ಕಿಬಿದ್ದಿದ್ದರು. ನ್ಯಾಯಾಲಯದ ಆಜ್ಞೆಯಂತೆ 2025ರ ಜನವರಿಯಲ್ಲಿ ಹೊರಗಿನಿಂದ ಎತ್ತುವ ಯಂತ್ರವನ್ನೂ ಪಂಜರವನ್ನೂ ತಂದರು. ತರಬೇತಾದ ರಕ್ಷಕರು ತಾವು ಇಳಿಯುವುದು ಅಪಾಯವೆಂದಾಗ ಆ ಊರಿನ ಇಬ್ಬರು ಸಾಮಾನ್ಯರು ಪಂಜರದಲ್ಲಿ ಇಳಿದು ಜನರನ್ನು ತುಂಬಿ ಕಳುಹಿಸಿದರು. 246 ಮಂದಿ ಜೀವಸಹಿತ ಬಂದರು. 78 ದೇಹಗಳು ಬಂದವು. ಅರಳಿಕಟ್ಟೆಯವರು ಇದನ್ನು ಕೇಳಿದರೆ "ನೋಡಿದೆಯಾ?" ಎನ್ನುತ್ತಾರೆ. ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ಅಲ್ಲಿ ಕೆಳಗಿನಿಂದ ಹಗ್ಗದ ಮೂಲಕ ಚೀಟಿಗಳು ಮೇಲೆ ಬರುತ್ತಿದ್ದವು. ಕೆಳಗೆ ಜನ ಬದುಕಿದ್ದಾರೆಂಬುದೇ ಅಲ್ಲಿ ಉಸಿರಾಡುವಂಥ ಗಾಳಿಯಿದೆ ಎಂಬುದಕ್ಕೆ ಎಲ್ಲ ಯಂತ್ರಗಳಿಗಿಂತ ದೊಡ್ಡ ಸಾಕ್ಷಿ. ಕೂಗಿದರೆ ಓಗೊಡುವ ಗಣಿಯೇ ಬೇರೆ, ಕೂಗಿದರೆ ಸುಮ್ಮನಿರುವ ಗಣಿಯೇ ಬೇರೆ. ಆದರೂ ಆ ಇಬ್ಬರ ಮುಂದೆ ನನ್ನ ತರ್ಕವೆಲ್ಲ ಸ್ವಲ್ಪ ಸಣ್ಣದಾಗಿ ಕಾಣುತ್ತದೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಸತ್ತವರ ಮನೆಯವರಿಗೆ ದೇಹ ಬೇಕು. ಮಣ್ಣು ಮಾಡುವುದಕ್ಕೆ, ಅಗ್ನಿಗೆ ಕೊಡುವುದಕ್ಕೆ, ಕಡೆಗೆ ಮುಖ ನೋಡುವುದಕ್ಕಾದರೂ ಬೇಕು. ಅದನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಮೇಲೆ ನಿಂತ ಅಧಿಕಾರಿ ಆ ತಾಯಿಯ ಮುಖ ನೋಡಿಕೊಂಡು, ತನ್ನ ಹುಡುಗರ ಮನೆಗಳಲ್ಲಿಯೂ ತಾಯಂದಿರಿದ್ದಾರೆಂದು ನೆನೆದು "ಇನ್ನು ಇಳಿಯುವುದು ಬೇಡ" ಎನ್ನಬೇಕಾಗುತ್ತದೆ. ಕೈಕಟ್ಟಿ ನಿಂತಂತೆ ನಮಗೆ ಕಾಣುವ ಹೊತ್ತಿನಲ್ಲಿ ಗಾಳಿಯ ಪರೀಕ್ಷೆ ನಡೆದಿರುತ್ತದೆ, ಬಾಯಿಗೆ ಅಡ್ಡಲಾಗಿ ತೊಲೆ ಕೂಡಿಸುವ ಕೆಲಸ ನಡೆದಿರುತ್ತದೆ, ಹಳೆಯ ನಕ್ಷೆಗಾಗಿ ಎಲ್ಲಿಯೋ ಬೀರು ತೆಗೆಸುತ್ತಿರುತ್ತಾರೆ.

ಮೊನ್ನೆ ಬೇಸಗೆಯ ರಜೆಯಲ್ಲಿ ತಾತನನ್ನು ಮತ್ತೆ ಕೇಳಿದೆ: ನಿಮ್ಮ ಕಾಲದಲ್ಲಿ ಬಂಡೆ ಸಿಡಿದಾಗ ಮೊದಲು ಏನು ಮಾಡುತ್ತಿದ್ದಿರಿ? "ಬಿಲ್ಲೆ ಎಣಿಸ್ತಿದ್ವಿ" ಎಂದರು. ಇಳಿಯುವವನು ತನ್ನ ನಂಬರಿನ ಬಿಲ್ಲೆ ಕೊಟ್ಟು ಇಳಿಯುತ್ತಿದ್ದ, ಹತ್ತಿ ಬಂದು ಬಿಡಿಸಿಕೊಳ್ಳುತ್ತಿದ್ದ. ಉಳಿದ ಬಿಲ್ಲೆ ಎಷ್ಟೋ ಒಳಗಿರುವವರು ಅಷ್ಟು. ನಂಬರು ನೋಡಿದರೆ ಯಾರೆಂಬುದೂ ತಿಳಿಯುತ್ತಿತ್ತು. ಪಾಳುಗಣಿಗೆ ರಾತ್ರಿ ಇಳಿಯುವವನು ಯಾರ ಕೈಗೂ ಬಿಲ್ಲೆ ಕೊಟ್ಟಿರುವುದಿಲ್ಲ. ರಕ್ಷಣಾದಳ ಬಂದು ಕೇಳುವ ಮೊದಲ ಪ್ರಶ್ನೆ, ಒಳಗೆ ಎಷ್ಟು ಜನರಿದ್ದಾರೆ ಎಂಬುದು. ಜೊತೆಗಾರರಿದ್ದರೆ ಅವರು ಪೊಲೀಸರಿಗೆ ಹೆದರಿ ಓಡಿಹೋಗಿರುತ್ತಾರೆ. ಮನೆಯವರಿಗೆ ಅವನು ಎಲ್ಲಿಗೆ ಹೋದನೆಂದೇ ತಿಳಿದಿರುವುದಿಲ್ಲ. ಬಾಯಿಯ ಹತ್ತಿರ ಬಿಟ್ಟುಹೋದ ಚಪ್ಪಲಿಗಳಿದ್ದರೆ ಅವನ್ನೇ ಎಣಿಸಬೇಕು.